ಕುರಿಗಿಂತ ಒಂದಕ್ಷರ ಹೆಚ್ಚು

ನಮ್ಮ ಅತ್ತಿ ಶೇಖಮ್ಮ ಕುದುರೆ ಕೊಳ್ಳುತ್ತೇನೆ ಅಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಆಕೆಯ ಸ್ವಭಾವ ಗೊತ್ತಿದ್ದೂ ನಂಬದೆ ಇದ್ದದ್ದು ನಮ್ಮ ದಡ್ಡತನ. ಅತ್ತಿ ಯಾವುದನ್ನೂ ನಮ್ಮನ್ನು ಕೇಳಿ ಮಾಡುವವಳಲ್ಲ. ಮಾಡಿ ಮುಗಿಸಿ, ನಾವು ಬೇರೆ ಯಾರಿಂದಲೋ ಕೇಳಿ ಅವಮಾನ ಆಗಬಾರದೆಂದು ಒಂದು ಮಾತು ಹೇಳಿಡುತ್ತಾಳೆ, ಅಷ್ಟೇ.

ಕೊಂಕಲ್‌ನಲ್ಲಿ ನಮ್ಮದು ಕುರಿ ಸಾಕುವ ಮನೆತನ. ನಾನು ಸೊಸೆಯಾಗಿ ಬಂದ ದಿನ ಅತ್ತಿ ನನ್ನ ಮುಖ ನೋಡುವ ಮೊದಲು ಕಾಲು ನೋಡಿದಳು. "ಜ್ಯೋತಿ ಅಲ್ಲೇನು ನಿನ್ನ ಹೆಸರು? ನಡೀತಿಯೇನು?" ಎಂದು ಕೇಳಿದಳು. ಅಡುಗೆ ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಅಂತ ಕೇಳಲಿಲ್ಲ. ಆಕೆಯ ಪಾಲಿಗೆ ಜಗತ್ತಿನಲ್ಲಿ ಎರಡೇ ಜಾತಿ, ನಡೆಯುವವರು ಮತ್ತು ಕೂತವರು. ಕೂತವರು ಸಾಹೇಬರಿರಲಿ, ಸ್ವಾಮಿಗಳಿರಲಿ, ಆಕೆಗೆ ಅವರ ಮೇಲೆ ಗೌರವ ಕಡಿಮೆ. ಮಾವ ತೀರಿಹೋದ ಮೇಲೆ ಹಿಂಡನ್ನು ತಾನೇ ಕಾಯ್ದಳು. ಸುಗ್ಗಿ ಮುಗಿದ ಕೂಡಲೇ ಕುರಿ ಹೊಡೆದುಕೊಂಡು ಭೀಮಾ ನದಿ ದಾಟಿ ಶಹಾಪುರ, ಸುರಪುರದ ಭತ್ತದ ಗದ್ದೆಗಳ ಕಡೆ ಹೊರಡುತ್ತಿದ್ದಳು. ಗೊಬ್ಬರವಾಗಲಿ ಅಂತ ಗದ್ದೆಯವರು ಅಲ್ಲಿ ಕುರಿ ತರುಬಿಸಿಕೊಳ್ಳುತ್ತಾರೆ, ಅಂದರೆ ರಾತ್ರಿ ಗದ್ದೆಯಲ್ಲೇ ಕೂಡಿಹಾಕಿಸಿಕೊಳ್ಳುತ್ತಾರೆ. ಊರಿಂದೂರಿಗೆ ನಡೆಯುವುದು, ಬಯಲಲ್ಲಿ ಮಲಗುವುದು, ಗದ್ದೆಯವರ ಜೊತೆ ಜಗಳ ಕಾಯುವುದು, ಇವು ಮೂರೂ ಇಲ್ಲದಿದ್ದರೆ ಆಕೆಗೆ ಉಂಡ ಅನ್ನ ಕರಗುತ್ತಿರಲಿಲ್ಲ.

ಹೋದ ವರ್ಷ ಮೊಣಕಾಲು ಕೈಕೊಟ್ಟವು. ಯಾದಗಿರಿಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎರಡೂ ಸವೆದಿವೆ, ಇನ್ನು ನಡೆಯಬಾರದು ಅಂದರು. ನನ್ನ ಗಂಡ ಶಾಂತಕುಮಾರ ಒಳಗೊಳಗೇ ಖುಷಿಪಟ್ಟ. ತಾಯಿ ಇನ್ನಾದರೂ ಮನೆಯಲ್ಲಿ ಇರುತ್ತಾಳಲ್ಲ ಅಂತ ಅವನಿಗೆ.

"ಸಾಕವ್ವ, ಮನ್ಯಾಗ ಕೂಡು. ಟಿವಿ ನೋಡು," ಅಂದ.

"ಟಿವ್ಯಾಗಿನ ಅತ್ತಿಗೋಳನ್ನ ನೋಡಿ ನಾನೂ ಕಲತ್ರ ನಿನ್ನ ಹೆಂಡ್ತಿ ಗತಿ ಏನು? ಬ್ಯಾಡ."

"ಹಂಗಾರ ಸ್ಕೂಟಿ ಕೊಡಸ್ತೀನಿ."

"ಸ್ಕೂಟಿ ಹಿಂದ ಕುರಿ ಬರತಾವೇನು? ಎರಿ ಹೊಲದಾಗ ಮಳಿ ಬಿದ್ರ ಆ ಸ್ಕೂಟಿನ ನಾನೇ ಹೊತಗೊಂಡು ಬರಬೇಕಾಗತದ."

"ಡಾಕ್ಟರು ನಡೀಬ್ಯಾಡ ಅಂದಾರಲ್ಲ."

"ಸವದದ್ದು ನನ್ನ ಮೊಣಕಾಲು. ಕುದುರಿ ಮೊಣಕಾಲಿಗೇನಾಗ್ಯಾದ?"

ಹೀಗೆ ನಮ್ಮ ಮನೆಯ ಮಾತಿನೊಳಗೆ ಕುದುರೆ ಮೊದಲ ಸಲ ಕಾಲಿಟ್ಟಿತು. ಕುದುರೆ ಸಾಕುವುದು ಅಂದರೆ ಏನು ಗೊತ್ತೇ ಅಂತ ಮಗ ಕೇಳಿದ್ದಕ್ಕೆ ಅತ್ತಿ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದಳು: "ಕುರಿಗೂ ಕುದುರಿಗೂ ಏನು ಫರಕು? ನಡುವ ಒಂದು 'ದು' ಹೆಚ್ಚದ. ಆ 'ದು' ನಾ ನೋಡ್ಕೋತೀನಿ."

ಸುರಪುರದಲ್ಲಿ ಖಾಜಾಮಿಯಾ ಅಂತ ಒಬ್ಬರು ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುತ್ತಿದ್ದರು. ಈಗಿನ ವರಗಳಿಗೆ ತೆರೆದ ಜೀಪು ಬೇಕು, ಮುಂದೆ ಡಿಜೆ ಬೇಕು. ಕುದುರೆಗಳು ನಿಂತಲ್ಲೇ ತಿನ್ನುತ್ತಿದ್ದವು. ಅವುಗಳಲ್ಲಿ ಒಂದನ್ನು ಕೊಡುತ್ತಾರೆ ಅಂತ ಸುದ್ದಿ ತಂದು, ಅತ್ತಿ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದಳು.

ಕುದುರೆ ದೂರದಿಂದ ಬೆಳ್ಳಗೆ ಕಾಣುತ್ತಿತ್ತು. ಹತ್ತಿರ ಹೋದರೆ ಮೈತುಂಬ ಬೂದಿ ಬಣ್ಣದ ಚುಕ್ಕೆ. ಒಂದು ಕಿವಿಯ ತುದಿ ಹರಿದಿತ್ತು. ಕಣ್ಣ ಸುತ್ತ ಕಾಡಿಗೆ ತೀಡಿದ ಹಾಗೆ ಕಪ್ಪು. ಹೆಸರು ಶಹಜಾದಿ.

"ಈ ಊರಾಗಿನ ಅರ್ಧ ಗಂಡಸರು ಇಕಿ ಬೆನ್ನ ಮ್ಯಾಲ ಕುಂತೇ ಮದಿವಿ ಆಗ್ಯಾರ್ರಿ," ಅಂದರು ಖಾಜಾಮಿಯಾ. "ಅದಾ ಕಡೀದು ನೋಡ್ರಿ, ಅವರು ತಲಿ ಎತ್ತಿ ಕುಂತಿದ್ದು."

ಅತ್ತಿ ಸಂತೆಯಲ್ಲಿ ಟಗರು ನೋಡುವ ಹಾಗೆಯೇ ಕುದುರೆಯನ್ನು ನೋಡಿದಳು. ತುಟಿ ಎತ್ತಿ ಹಲ್ಲು ನೋಡಿದಳು, ಬೆನ್ನಿನ ಎಲುಬು ಒತ್ತಿದಳು, ಬಾಲ ಎತ್ತಿಯೂ ನೋಡಿದಳು. ಶಹಜಾದಿ ಇಷ್ಟನ್ನೂ ತಡೆದುಕೊಂಡು, ಕೊನೆಗೆ ಅತ್ತಿಯ ಹೆಗಲ ಮೇಲೆ ಗದ್ದ ಊರಿ, ಸೆರಗಿನ ತುಂಬ ಸಿಂಬಳ ಬರುವ ಹಾಗೆ ಒಂದು ಸಲ ಸೀನಿತು.

"ಭಾಳ ಸೊಕ್ಕಿಂದದ," ಅಂದಳು ಅತ್ತಿ ಸೆರಗು ಒರೆಸಿಕೊಳ್ಳುತ್ತ. "ಇದಾ ಬೇಕು."

ಖಾಜಾಮಿಯಾರ ಹೆಂಡತಿ ದಾವಲಬೀ ಅಳುತ್ತ ರೊಟ್ಟಿಯಲ್ಲಿ ಬೆಲ್ಲ ಸುತ್ತಿ ಕುದುರೆಗೆ ತಿನ್ನಿಸಿದರು. ಅತ್ತಿಯ ಕೈ ಹಿಡಿದು, "ಅಕ್ಕಾ, ಇಕಿ ಒಬ್ಬಾಕೇ ಇದ್ದಾಕಿ ಅಲ್ರಿ. ಬಾಜೂಕ ಯಾವದಾರ ಜೋಡಿ ಇರಬೇಕು," ಅಂದರು.

"ನಮ್ಮ ಮನ್ಯಾಗ ಮಂದಿಗೇನು ಕಡಿಮಿ ಇಲ್ಲವಾ," ಅಂದಳು ಅತ್ತಿ. ದಾವಲಬೀ ಮನುಷ್ಯರ ಬಗ್ಗೆ ಹೇಳುತ್ತಿಲ್ಲ ಅಂತ ನನಗೂ ಆಗ ಹೊಳೆಯಲಿಲ್ಲ.

ಪಿಕಪ್ ಗಾಡಿ ಕೊಂಕಲ್ ಮುಟ್ಟುವ ಹೊತ್ತಿಗೆ ಓಣಿಯೆಲ್ಲ ನಮ್ಮ ಮನೆ ಮುಂದೆ ನೆರೆದಿತ್ತು. ಮಠದ ಚನ್ನಯ್ಯನವರು, ಯಾರೂ ಕರೆಯದಿದ್ದರೂ, ತೆಂಗಿನಕಾಯಿ, ವಿಭೂತಿ, ಚೆಂಡುಹೂವಿನ ಮಾಲೆ ಹಿಡಿದು ನಿಂತಿದ್ದರು. ಎತ್ತು ಬರಲಿ, ಟ್ರ್ಯಾಕ್ಟರ್ ಬರಲಿ, ಫ್ರಿಜ್ಜು ಬರಲಿ, ಅದರ ಮೊದಲ ಕಾಯಿ ಒಡೆಯುವ ಹಕ್ಕು ತಮ್ಮದೆಂದು ಅವರ ನಂಬಿಕೆ.

ಶಹಜಾದಿ ಗಾಡಿಯಿಂದ ಇಳಿಯಲೊಲ್ಲೆ ಅಂದಿತು. ಎಳೆದರೆ ಹಿಂದಕ್ಕೆ ಜಗ್ಗುತ್ತದೆ, ತಳ್ಳಿದರೆ ಅಲ್ಲೇ ಬೇರು ಬಿಡುತ್ತದೆ. ಅತ್ತಿಯ ಮೈದುನ ದೇವಿಂದ್ರಪ್ಪ ಕಾಕಾ ಅಂಗಳದ ಆಚೆ ಮನೆಯವನು. ಗಂಡಸರು ಇರುವುದು ಯಾತಕ್ಕೆ ಅಂತ ಗಾಡಿ ಹತ್ತಿ, ಹಿಂದೆ ನಿಂತು ಹೆಗಲು ಕೊಟ್ಟು ನೂಕಿದ. ಕುದುರೆ ಸಮಾಧಾನವಾಗಿ ಬಾಲ ಎತ್ತಿತು. ಕಾಕಾನ ಬಿಳಿ ಅಂಗಿ ಎದೆಯಿಂದ ಸೊಂಟದವರೆಗೆ ಹಸಿರಾಯಿತು. ಅವನು ಕೆಳಗಿಳಿದು ನಲ್ಲಿಯ ಕಡೆ ಹೋದ.

ಚನ್ನಯ್ಯನವರು ಇನ್ನು ತಮ್ಮ ಸರದಿ ಎಂದು ಕೈಚಾಚಿ ಕೊರಳಿಗೆ ಮಾಲೆ ಹಾಕಿದರು. ಶಹಜಾದಿ ಮಾಲೆಯನ್ನು ಕೊರಳಿಂದ ಎಳೆದು ತಿನ್ನತೊಡಗಿತು. ಹಣೆಗೆ ವಿಭೂತಿ ಬಳಿಯಲು ಹೋದಾಗ ಅಂಗೈಯಲ್ಲಿದ್ದ ಬೂದಿಯ ಮೇಲೆ ಸರಿಯಾಗಿ ಸೀನಿತು. ಅಯ್ಯನವರು ಗಡ್ಡ, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿ, ಆ ದಿನ ಸಾಕ್ಷಾತ್ ಶಿವನಂತೆಯೇ ಮನೆಗೆ ಹೋದರು.

ಕೊನೆಗೆ ಅತ್ತಿ ಎಲ್ಲರನ್ನೂ ಬೈದು ಚದುರಿಸಿದಳು. ಗಾಡಿಯ ಹಿಂದೆ ಮಣ್ಣಿನ ಚೀಲ ಜೋಡಿಸಿ, ಮೇಲೆ ಹಲಗೆ ಇಟ್ಟು, ಒಳಗೆ ಚಹಾ ಕುಡಿಯಲು ಹೋದಳು. ನಾವು ಲೋಟ ಖಾಲಿ ಮಾಡಿ ಹೊರಗೆ ಬಂದರೆ ಶಹಜಾದಿ ತಾನೇ ಇಳಿದು, ಒಣಗಲು ಹಾಕಿದ್ದ ನನ್ನ ಸೀರೆಯ ವಾಸನೆ ನೋಡುತ್ತ ನಿಂತಿತ್ತು.

ಮೊದಲು ಅದನ್ನು ಕುರಿಯ ಹಟ್ಟಿಯೊಳಗೆ ಬಿಟ್ಟೆವು. ಅತ್ತಿಯ ಪ್ರಕಾರ ಅಕ್ಷರ ಒಂದು ಹೆಚ್ಚಾದ ಮಾತ್ರಕ್ಕೆ ಜಾತಿ ಕೆಡುವುದಿಲ್ಲ. ಕುರಿಗಳಿಗೆ ಹಾಗೆ ಅನಿಸಲಿಲ್ಲ. ಇಡೀ ಹಿಂಡು ಒಂದರ ಮೇಲೊಂದು ಹತ್ತಿ ಮೂಲೆಯಲ್ಲಿ ಉಣ್ಣೆಯ ಗುಡ್ಡ ಆಯಿತು. ಕುದುರೆಯೂ ಅಷ್ಟೇ ಹೆದರಿ ಎದುರು ಮೂಲೆಗೆ ಅಂಟಿಕೊಂಡಿತು. ಅಲ್ಲಿಂದ ಬಿಡಿಸಿ ಎಮ್ಮೆಯ ಪಕ್ಕ ಕಟ್ಟಿದೆವು. ಎಮ್ಮೆ ಅದನ್ನು ಒಮ್ಮೆ ನೋಡಿ, ಮುಖ ತಿರುಗಿಸಿ, ಮರುದಿನ ಹಾಲನ್ನೇ ಬಿಡಲಿಲ್ಲ. ಕಡೆಗೆ ಮನೆಯ ಪಕ್ಕದ ಬೇವಿನ ಮರದಡಿ ತಗಡು ಹೊದಿಸಿ ಜಾಗ ಮಾಡಿದ್ದಾಯಿತು.

ಅಲ್ಲಿ ನಿಂತು ಶಹಜಾದಿ ಕೂಗತೊಡಗಿತು. ಕತ್ತು ಎತ್ತಿ, ಮೈಯೆಲ್ಲ ನಡುಗಿಸಿ ಕೆನೆಯುವುದು, ಕಿವಿ ನಿಮಿರಿಸಿ ಯಾರಾದರೂ ಉತ್ತರ ಕೊಡುತ್ತಾರೇನೋ ಅಂತ ಕಾಯುವುದು, ಮತ್ತೆ ಕೆನೆಯುವುದು. ಕೊಂಕಲ್‌ನಲ್ಲಿ ಉತ್ತರ ಕೊಡಲು ಇನ್ನೊಂದು ಕುದುರೆ ಎಲ್ಲಿಂದ ಬರಬೇಕು? ಬೆಳಗಾಗುವುದರೊಳಗೆ ಓಣಿಯವರ ಕಣ್ಣೆಲ್ಲ ಕೆಂಪು.

"ಶೇಖಮ್ಮ, ರಾತ್ರಿ ಪೂರಾ ನಿಮ್ಮ ಸೊಸಿ ಅಳಾಕತ್ತಿದ್ಲೇನು?" ಅಂತ ಎದುರು ಮನೆಯವರು ಕೇಳಿದರು.

"ಸೊಸಿ ಅತ್ರ ನಾ ಸುಮ್ಮನಿರಿಸ್ತಿದ್ದೆ," ಅಂದಳು ಅತ್ತಿ.

ನೀರೂ ಮುಟ್ಟಲಿಲ್ಲ. ನಮ್ಮ ಬೋರಿನ ನೀರು ಸ್ವಲ್ಪ ಉಪ್ಪು. ಶಹಜಾದಿ ಡ್ರಮ್ಮಿನಲ್ಲಿ ಮೂಗು ಇಳಿಸಿ, ಮೇಲಿನ ತುಟಿ ಮಡಚಿ, ಏನೋ ಹೊಲಸು ಕಂಡಂತೆ ಹಿಂದೆ ಸರಿಯುತ್ತಿತ್ತು. ಸುರಪುರಕ್ಕೆ ಫೋನು ಮಾಡಿದಾಗ ದಾವಲಬೀ, ನೀರಿಗೆ ಬೆಲ್ಲ ಕದಡಿ ಇಡಿ, ದಿನಾ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ ಅಂದರು. ಬೆಲ್ಲದ ನೀರನ್ನು ಒಂದೇ ಉಸಿರಿಗೆ ಖಾಲಿ ಮಾಡಿತು. ಅಳಿಯ ಬಂದಾಗಲೂ ಈ ಮನೆಯಲ್ಲಿ ಪಾನಕ ಮಾಡಲಿಲ್ಲ ಅಂತ ಶಾಂತಕುಮಾರ ಗೊಣಗಿದ.

ಇದರ ನಡುವೆ ಊರಿನ ಕಾಟ. ದೃಷ್ಟಿ ತಾಗಬಾರದೆಂದು ಮಕ್ಕಳ ಕೊರಳಿಗೆ ಕಟ್ಟಲು ಬಾಲದ ಕೂದಲು ಬೇಕು ಅಂತ ಹೆಂಗಸರು ಬಂದರು. ಅತ್ತಿ ಬಡಿಗೆ ಹಿಡಿದು ಮರದಡಿ ಕೂತಳು. ಒಂದು ಮಧ್ಯಾಹ್ನ ಚನ್ನಯ್ಯನವರು ಬಂದು ಬಹಳ ಹೊತ್ತು ಮಳೆ ಬೆಳೆ ಮಾತಾಡಿ, ಕಡೆಗೆ ಕುದುರೆಯ ಹಳೆಯ ಲಾಳ ಬಿದ್ದರೆ ಮಠದ ಬಾಗಿಲಿಗೆ ಬಡಿಯಬಹುದಿತ್ತು ಅಂದರು.

"ಒಳಗ ಶಿವ ಕುಂತಾನಲ್ಲರಿ ಅಯ್ಯನೋರ," ಅಂದಳು ಅತ್ತಿ. "ಮ್ಯಾಲ ಕಬ್ಬಿಣದ ಕಾವಲು ಯಾಕ ಬೇಕು?"

ಅಯ್ಯನವರು ನಕ್ಕರು. ನಕ್ಕರೂ ಕಣ್ಣು ಮಾತ್ರ ಕುದುರೆಯ ಕಾಲಿನ ಮೇಲೇ ಇತ್ತು.

ಇಷ್ಟರವರೆಗೆ ಎಲ್ಲ ನಗೆಯ ಮಾತೇ. ಆಮೇಲೆ ಕುದುರೆ ಸೊರಗತೊಡಗಿತು. ಸೊರಗಿದ ಕುರಿಗೆ ಏನು ಮಾಡುತ್ತಾರೆ? ಕಾಳು ಹಾಕುತ್ತಾರೆ. ದೇವಿಂದ್ರಪ್ಪ ಕಾಕಾ ತನ್ನ ಕಾಳಗದ ಟಗರಿಗೆ ನೆನೆಸಿದ ಕಡಲೆ, ಹಿಂಡಿ ಕಲಸಿ ಹಾಕುವುದನ್ನು ನೋಡಿ, ಆಕೆ ಅದೇ ಮೇವನ್ನು ದೊಡ್ಡ ಬುಟ್ಟಿಯ ತುಂಬ ಕಲಸಿ ಕುದುರೆಯ ಮುಂದಿಟ್ಟಳು. ಶಹಜಾದಿ ಬುಟ್ಟಿಯನ್ನು ನೆಕ್ಕಿ ತೊಳೆದಿಟ್ಟಿತು. ಅತ್ತಿ ಗೆದ್ದ ಮುಖ ಮಾಡಿ ಒಳಗೆ ಬಂದಳು.

ಮಧ್ಯಾಹ್ನ ನಾನು ನೀರಿಡಲು ಹೋದಾಗ ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು. ಮತ್ತೆ ಮತ್ತೆ ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು. ಮೈ ಬೆವರಿ ಕಪ್ಪಾಗಿತ್ತು. ಕುಸಿದು ಹೊರಳಾಡಲು ನೋಡುತ್ತಿತ್ತು. ಯಾದಗಿರಿಯಿಂದ ಪಶುವೈದ್ಯೆ ಮಲ್ಲೇಶ್ವರಿ ಮೇಡಂ ಬಂದು ಹೊಟ್ಟೆಗೆ ಕಿವಿಗೊಟ್ಟು ಕೇಳಿದರು.

"ಏನ್ ಹಾಕೀರಿ ಇದಕ್ಕ?"

ನಾನು ಅತ್ತಿಯ ಮುಖ ನೋಡಿದೆ. ಸುಳ್ಳು ಹೇಳುತ್ತಾಳೆ ಅಂದುಕೊಂಡಿದ್ದೆ.

"ಟಗರಿನ ಮೇವು ಹಾಕೀನ್ರಿ. ಬುಟ್ಟಿ ತುಂಬ. ನಾನೇ ಹಾಕೀನಿ," ಅಂದಳು ಅತ್ತಿ.

ಮೇಡಂ ಬೈಯಲಿಲ್ಲ. ಸೂಜಿ ಕೊಟ್ಟರು, ಮೂಗಿನಿಂದ ಕೊಳವೆ ಇಳಿಸಿ ಎಣ್ಣೆ ಬಿಟ್ಟರು. ಹೊರಳಾಡಲು ಬಿಟ್ಟರೆ ಕರುಳು ತಿರುಚಿಕೊಂಡೀತು, ಮೆಲ್ಲಗೆ ನಡೆಸುತ್ತ ಇರಿ, ಲದ್ದಿ ಹಾಕಿದರೆ ಬದುಕಿತು ಅಂತ ತಿಳಿಯಿರಿ ಅಂದು, ಬೇರೆ ಊರಿಗೆ ಹೋಗುವುದಿದೆ, ತಿರುಗಿ ಬರುವಾಗ ಮತ್ತೆ ನೋಡುತ್ತೇನೆ ಅಂದರು.

ನಡೆಸಿದವಳು ಅತ್ತಿ. ನಡೆಯಬಾರದೆಂದು ಡಾಕ್ಟರು ಹೇಳಿದ ಅದೇ ಮೊಣಕಾಲುಗಳ ಮೇಲೆ, ಮನೆಯಿಂದ ಹಳ್ಳದವರೆಗೆ, ಹಳ್ಳದಿಂದ ಮನೆಯವರೆಗೆ. ಹಗ್ಗ ನನಗೆ ಕೊಡಿ ಅಂದೆ, ಕೊಡಲಿಲ್ಲ. ಶಾಂತಕುಮಾರ ಕಸಿದುಕೊಳ್ಳಲು ಹೋದ, ಅವನ ಕೈ ಕಚ್ಚುವವಳ ಹಾಗೆ ನೋಡಿದಳು. ನಾನು ನೀರಿನ ಚೊಂಬು ಹಿಡಿದು ಜೊತೆಗೆ ನಡೆದೆ. ಆಕೆ ಉದ್ದಕ್ಕೂ ಕುದುರೆಯ ಕಿವಿಯ ಹತ್ತಿರ ಬಾಯಿಟ್ಟು ಮಾತಾಡುತ್ತಲೇ ಇದ್ದಳು.

"ಹೊರಗ ಹಾಕವ್ವ. ಒಳಗ ಇಟಗೊಂಡು ಏನ್ ಮಾಡ್ತಿ? ಅವತ್ತು ದೇವಿಂದ್ರನ ಮ್ಯಾಲ ಹಾಕಾಗ ಇಷ್ಟು ವಿಚಾರ ಮಾಡಿದ್ದಿಲ್ಲಲ್ಲ. ನಾ ತಪ್ಪು ಮಾಡೀನಿ, ಖರೆ. ಅದರ ಸಿಟ್ಟು ಹೊಟ್ಟ್ಯಾಗ ಇಟಗೋಬ್ಯಾಡ."

ಹೊತ್ತು ಇಳಿಯುತ್ತಿರುವಾಗ ಹಳ್ಳದ ದಂಡೆಯ ಮೇಲೆ ಶಹಜಾದಿ ನಿಂತಿತು. ಬಾಲ ಎತ್ತಿತು. ನಮ್ಮ ಮನೆಯಲ್ಲಿ ಮಗು ಹುಟ್ಟಿದಾಗಲೂ ಯಾರೂ ಆ ಪರಿ ಖುಷಿಪಟ್ಟದ್ದು ನಾನು ಕಂಡಿಲ್ಲ. ಶಾಂತಕುಮಾರ ಅದರ ಫೋಟೋ ತೆಗೆದು ಮೇಡಂಗೆ ಕಳಿಸಿದ. ಅತ್ತಿ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. ಕಾಲುಗಳು ತೊಲೆಯ ಹಾಗೆ ಊದಿದ್ದವು. ನಾನು ಒತ್ತುತ್ತ ಕೂತೆ. ಆಕೆ ಮೆತ್ತಗೆ ಹೇಳಿದಳು:

"ಇದು ಕುರಿ ಅಲ್ಲ, ಜ್ಯೋತಿ."

ಮದುವೆಯಾಗಿ ಬಂದಾಗಿನಿಂದ ಆಕೆ ತಪ್ಪೊಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ದಿನ.

ಅಂದಿನಿಂದ ಮೇವು ದಾವಲಬೀ ಹೇಳಿದ ಹಾಗೆ. ಒಣ ಹುಲ್ಲು ಹೆಚ್ಚು, ಕಾಳು ಒಂದು ಹಿಡಿ. ಹೊಟ್ಟೆ ಸರಿಹೋಯಿತು, ಕೂಗು ಮಾತ್ರ ನಿಲ್ಲಲಿಲ್ಲ. ಅದನ್ನು ನಿಲ್ಲಿಸಿದವನು ಯಾರೂ ಎಣಿಸದವನು, ದೇವಿಂದ್ರಪ್ಪ ಕಾಕಾನ ಟಗರು.

ಆ ಟಗರಿನ ಹೆಸರು ಟೈಗರ್. ಕೊಂಬಿಗೆ ಕೆಂಪು ಬಣ್ಣ, ಕೊರಳಿಗೆ ಗೆಜ್ಜೆ. ಕಾಕಾ ಅದಕ್ಕೆ ಮೊಟ್ಟೆ, ಬಾದಾಮಿ ತಿನ್ನಿಸುತ್ತಿದ್ದ, ತಾನು ಚಟ್ನಿ ರೊಟ್ಟಿ ತಿನ್ನುತ್ತಿದ್ದ. ಟೈಗರ್ ಎದುರಿಗೆ ಬಂದದ್ದನ್ನೆಲ್ಲ ಗುದ್ದುತ್ತಿತ್ತು. ನಿಂತ ಬೈಕು, ಬಾಗಿಲು, ಒಮ್ಮೆ ಬಗ್ಗಿ ಚಪ್ಪಲಿ ಹುಡುಕುತ್ತಿದ್ದ ಚನ್ನಯ್ಯನವರನ್ನೂ. ಒಂದು ಬೆಳಗ್ಗೆ ಅದು ಹಗ್ಗ ಹರಿದುಕೊಂಡು, ತಲೆ ತಗ್ಗಿಸಿ, ನೇರ ಕುದುರೆಯ ಕಡೆ ಓಡಿತು. ಕುದುರೆಯ ಕಾಲು ಮುರಿಯಿತು ಅಂದುಕೊಂಡು ನಾವು ಕೂಗಿಕೊಂಡೆವು.

ಶಹಜಾದಿ ಓಡಲಿಲ್ಲ. ಕಿವಿ ಹಿಂದಕ್ಕೆ ಒತ್ತಿ, ಹಲ್ಲು ತೋರಿಸಿ, ಹತ್ತಿರ ಬಂದ ಟಗರಿನ ಬೆನ್ನಿನ ಉಣ್ಣೆ ಹಿಡಿದು ಒಂದು ಸಲ ಝಾಡಿಸಿ ಬಿಟ್ಟಿತು. ಟೈಗರ್‌ಗೆ ಹುಟ್ಟಿದಾಗಿನಿಂದ ಯಾರೂ ಹಾಗೆ ಮಾಡಿರಲಿಲ್ಲ. ಅದು ನಿಂತಿತು. ವಿಚಾರ ಮಾಡಿತು. ಆಮೇಲೆ ಮೆಲ್ಲಗೆ ಹೋಗಿ ಕುದುರೆಯ ಹೊಟ್ಟೆಯ ಕೆಳಗಿನ ನೆರಳಲ್ಲಿ ನಿಂತುಕೊಂಡಿತು. ಶಹಜಾದಿ ಅದರ ತಲೆಯನ್ನು ಮೂಸಿ, ನಿಟ್ಟುಸಿರು ಬಿಟ್ಟು, ಹುಲ್ಲಿಗೆ ಬಾಯಿ ಹಾಕಿತು. ಅವತ್ತು ಕೂಗಲಿಲ್ಲ.

ಕಾಕಾ ಟಗರನ್ನು ಎಳೆದುಕೊಂಡು ಹೋದ. ಆಚೆಯಿಂದ ಟಗರು ಅರಚಿತು, ಈಚೆಯಿಂದ ಕುದುರೆ ಕೆನೆಯಿತು. ಓಣಿಯವರೇ ಬಂದು, ಮಾರಾಯ, ಅವೆರಡನ್ನೂ ಒಂದು ಕಡೆ ಕಟ್ಟು ಅಂತ ಕೈಮುಗಿದರು.

"ಅತ್ತಿಗಿ, ನನ್ನ ಟಗರು ಕೆಡಸಿದಿ ನೀ," ಅಂದ ಕಾಕಾ.

"ಯಾರರೆ ಒಬ್ಬರು ಅದಕ್ಕ ಬುದ್ಧಿ ಕಲಿಸಬೇಕಿತ್ತು. ನಿನ್ನಿಂದ ಆಗಲಿಲ್ಲ."

ಆದರೂ ಕಾಕಾ ಹಟ ಬಿಡದೆ ಟೈಗರ್‌ನನ್ನು ಶಹಾಪುರದ ಕಡೆ ಒಂದು ಕಾಳಗಕ್ಕೆ ಕರೆದುಕೊಂಡು ಹೋದ. ಕಣದಲ್ಲಿ ಬಿಟ್ಟರೆ ಟೈಗರ್ ಎದುರಾಳಿಯನ್ನು ನೋಡಲೇ ಇಲ್ಲವಂತೆ. ಸುತ್ತ ನಿಂತ ಜನರ ಕಾಲ ಸಂದಿಯಲ್ಲಿ ಯಾರನ್ನೋ ಹುಡುಕಿ, ಹಿಂದಿನಿಂದ ಒಂದು ಗುದ್ದು ತಿಂದು, ಹೊರಗೆ ಬಂದು ತಾನು ಬಂದಿದ್ದ ಟೆಂಪೋದ ಪಕ್ಕ ನಿಂತುಬಿಟ್ಟಿತಂತೆ. ಕಾಕಾ ಊರಿಗೆ ಬಂದು ಮೂರು ಸಂಜೆ ಹೊರಗೆ ಮುಖ ತೋರಿಸಲಿಲ್ಲ. ಆಮೇಲೆ ತಾನೇ ಟಗರಿನ ಗೂಟ ಕಿತ್ತು ತಂದು ಬೇವಿನ ಮರದಡಿ ಬಡಿದ. ಅತ್ತಿ ಅವನಿಗೆ ಚಹಾ ಕೊಟ್ಟಳು. ಸಕ್ಕರೆ ಹೆಚ್ಚು ಹಾಕಿದ್ದಳು.

ಇನ್ನು ಕುದುರೆ ಹತ್ತಿ ಕೂಡುವುದೊಂದು ಬಾಕಿ. ಬಳಿಚಕ್ರ ಅನ್ನುವ ಊರಿನ ಹತ್ತಿರ ಒಬ್ಬರ ಹೊಲದಲ್ಲಿ ಕುರಿ ತರುಬುವ ಮಾತಿತ್ತು. ನೋಡಿ ಬರುತ್ತೇನೆಂದು ಅತ್ತಿ ಕಟ್ಟೆಯ ಮೇಲೆ ನಿಂತು, ಕಂಬಳಿ ಹೊದಿಸಿದ ಶಹಜಾದಿಯ ಬೆನ್ನೇರಿದಳು. ಕಚ್ಚೆ ಕಟ್ಟಿ, ತಲೆಗೆ ಟವೆಲ್ ಸುತ್ತಿಕೊಂಡಿದ್ದಳು. ಶಾಂತಕುಮಾರ ಹಗ್ಗ ಹಿಡಿದ. ಟೈಗರ್ ಹಿಂದೆ ಗೆಜ್ಜೆ ಸದ್ದು ಮಾಡುತ್ತ ಹೊರಟಿತು. ನಾನು ಬಸ್ಸಿನಲ್ಲಿ ಹೋಗಿ ಬಳಿಚಕ್ರದಲ್ಲಿ ಕಾಯುತ್ತಿದ್ದೆ. ಹೀಗಾಗಿ ಮುಂದಿನದನ್ನು ಕಣ್ಣಾರೆ ಕಂಡೆ.

ಊರ ಬಾಯಿಯಲ್ಲೇ ಒಂದು ಮದುವೆ ಮನೆ. ಪೆಂಡಾಲ್ ಹಾಕಿದ್ದರು. ವರನ ಕಾರು ಇನ್ನೂ ಬಂದಿರಲಿಲ್ಲ. ಕಾದು ಕಾದು ಬೇಸತ್ತ ಬಾಜಾದವರು ಸುಮ್ಮನೆ ಒಂದು ಸಲ ಡೋಲು ಬಡಿದರು. ದೂರದಲ್ಲಿ ಬರುತ್ತಿದ್ದ ಶಹಜಾದಿ ಕಿವಿ ನಿಮಿರಿಸಿತು. ಕತ್ತು ಬಿಲ್ಲಿನ ಹಾಗೆ ಬಾಗಿತು. ಕಾಲುಗಳು ತಾವಾಗಿಯೇ ತಾಳಕ್ಕೆ ಬಿದ್ದವು. ಶಾಂತಕುಮಾರ ಹಗ್ಗ ಜಗ್ಗಿದ, ಆಮೇಲೆ ಹಗ್ಗವೇ ಅವನನ್ನು ಜಗ್ಗಿತು. ಕುದುರೆ ಕುಣಿಯುತ್ತ ಕುಣಿಯುತ್ತ ಜನರ ನಡುವೆ ದಾರಿ ಮಾಡಿಕೊಂಡು, ಪೆಂಡಾಲಿನ ಬಾಗಿಲಲ್ಲಿ, ಆರತಿ ತಟ್ಟೆ ಹಿಡಿದು ನಿಂತಿದ್ದ ಹೆಂಗಸರ ಮುಂದೆ ಬಂದು ನಿಂತಿತು. ಅಲ್ಲಿಂದ ಮುಂದೆ ಒಂದಡಿ ಕದಲಲಿಲ್ಲ. ಆರತಿ ಆಗದೆ ಅದು ಯಾವತ್ತೂ ಕದಲಿದ್ದೇ ಇಲ್ಲ.

ಬಾಜಾ ನಿಂತಿತು. ಎಲ್ಲರೂ ಮೇಲೆ ನೋಡಿದರು. ವಧುವಿನ ಅಜ್ಜಿ ಸುಂದ್ರಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಚೆನ್ನಾಗಿ ನೋಡಿ ಹೇಳಿದಳು:

"ಮದಿಮಗನಿಗೆ ವಯಸ್ಸು ಭಾಳ ಆಗ್ಯಾದಲ್ಲ."

"ಹುಡುಗಿ ಚಲೋ ಇದ್ರ ನಾ ತಯಾರಿದ್ದೀನಿ," ಅಂದಳು ಅತ್ತಿ ಬೆನ್ನ ಮೇಲಿಂದ. "ಕುರಿ ಕಾಯಾಕ ಬರತಾಳೇನು?"

ಪೆಂಡಾಲೇ ನಕ್ಕಿತು. ಸುಂದ್ರಮ್ಮ ನಗುತ್ತ ಸೊಸೆಯಂದಿರ ಕೈಯಿಂದ ತಟ್ಟೆ ಇಸಿದುಕೊಂಡು ಅತ್ತಿಗೂ ಕುದುರೆಗೂ ಆರತಿ ಎತ್ತಿಯೇಬಿಟ್ಟಳು. ಕುದುರೆಯ ಬಾಯಿಗೆ ಬೆಲ್ಲ ಇಟ್ಟ ಮೇಲೆಯೇ ಅದು ಪಕ್ಕಕ್ಕೆ ಸರಿದದ್ದು. ಅಷ್ಟರಲ್ಲಿ ನಿಜವಾದ ವರ ಕಾರಿನಿಂದ ಇಳಿದ. ತನ್ನ ಜಾಗದಲ್ಲಿ ಇನ್ನೊಬ್ಬರಿಗೆ ಆರತಿ ಆದದ್ದು ಕೇಳಿ ಮುಖ ಸಣ್ಣದು ಮಾಡಿಕೊಂಡಿದ್ದ. ಕುದುರೆ ಕಂಡ ಮೇಲೆ ಕಾರು ಬಿಟ್ಟು ಅದರ ಮೇಲೆ ಕೂತೇ ಫೋಟೋ ಬೇಕು ಅಂದ. ಅತ್ತಿ ಇಳಿದು ಜಾಗ ಕೊಟ್ಟಳು. ಹುಗ್ಗಿ, ಬದನೆಕಾಯಿ ಪಲ್ಯ ಹೊಟ್ಟೆತುಂಬ ಉಂಡು ಬಂದೆವು. ಶಾಂತಕುಮಾರ ಮಾತ್ರ ತಲೆ ಎತ್ತದೆ ಉಂಡ. ಹೊಲ ನೋಡುವುದು ಎಲ್ಲರಿಗೂ ಮರೆತುಹೋಗಿತ್ತು.

ಅದಾದ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ, ನಾನು ಮಷಿನ್ ಮೇಲೆ ರವಿಕೆ ಹೊಲಿಯುತ್ತಿದ್ದೆ. ಹೊರಗಿನಿಂದ ಅತ್ತಿಯ ಬೋರಾಡಿ ಅಳುವ ದನಿ ಕೇಳಿತು. ಓಡಿದೆ. ಬೇವಿನ ಮರದಡಿ ಶಹಜಾದಿ ನೆಲದ ಮೇಲೆ ಪೂರ್ತಿ ಮಗ್ಗುಲಾಗಿ ಬಿದ್ದಿತ್ತು. ನಾಲ್ಕೂ ಕಾಲು ಚಾಚಿ, ಕತ್ತು ಮಣ್ಣಿಗೆ ಊರಿ, ಕಣ್ಣು ಮುಚ್ಚಿತ್ತು. ಟೈಗರ್ ಅದರ ಕತ್ತಿಗೆ ಒರಗಿ ಮಂಕಾಗಿ ಕೂತಿತ್ತು. ಬಂದ ದಿನದಿಂದ ನಾವು ಯಾರೂ ಅದು ನೆಲಕ್ಕೆ ಮೈ ಹಾಕಿದ್ದನ್ನು ಕಂಡಿರಲಿಲ್ಲ. 

ಅತ್ತಿ ಸ್ವಲ್ಪ ದೂರದಲ್ಲಿ ಕುಕ್ಕರಿಸಿ ಎದೆ ಬಡಿದುಕೊಂಡು ಹಾಡಿ ಹಾಡಿ ಅಳುತ್ತಿದ್ದಳು. "ನನ್ನ ಕಾಲು ಕಸಗೊಂಡು ಹ್ವಾದ್ಯಲ್ಲ ನನ್ನವ್ವ... ಅರಸರ ಮಗಳಂಗ ಬಂದಿ, ಉಪ್ಪನೀರು ಕುಡದಿ... ಸ್ಕೂಟಿ ಕೊಡಸ್ತೀನಿ ಅಂದ ಮಗನ ಮುಂದ ನನ್ನ ಮಾನ ಉಳಿಸಿದ್ದಿ... ಯಾವ ಕೆಟ್ಟ ಕಣ್ಣು ತಾಗಿತ, ಆ ಬಾಲದ ಕೂದಲಾ ಕೇಳಿದ ರಂಡೇರ ಕಣ್ಣಾ ತಾಗಿತ..."

ಅಳು ಕೇಳಿ ಓಣಿಯೆಲ್ಲ ನೆರೆದಿತ್ತು, ಕೂದಲು ಕೇಳಿದವರೂ ಆ ಗುಂಪಿನಲ್ಲೇ ಇದ್ದರು. ಅವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಕಾಕಾ ಗಂಭೀರವಾಗಿ, ಮಣ್ಣು ಮಾಡಲು ಜೆಸಿಬಿಯೇ ತರಿಸಬೇಕಾಗುತ್ತದೆ ಅಂದ. ಚನ್ನಯ್ಯನವರು ಬಂದು ಶಿವ ಶಿವ ಅಂದು, ಕಾಲುಗಳ ಕಡೆ ಒಮ್ಮೆ ನೋಡಿ, ಲಾಳ ಮಣ್ಣುಪಾಲಾಗುವುದು ಬೇಡ ಅಂತ ಯಾರಿಗೂ ಕೇಳಿಸದ ಹಾಗೆ ಹೇಳಿದರು. ನನಗೆ ಕೇಳಿಸಿತು.

ಆಗ ಶಹಜಾದಿಯ ಮೂಗಿನಿಂದ ಗೊರ್ ಅಂತ ಒಂದು ಸದ್ದು ಬಂತು. ಹೊಟ್ಟೆ ಎದ್ದು ಇಳಿಯಿತು. ಹರಿದ ಕಿವಿ ಒಂದು ನೊಣವನ್ನು ಓಡಿಸಿತು. ಅತ್ತಿಯ ಅಳು ಏರುದನಿಯಲ್ಲಿದ್ದಾಗ ಕುದುರೆ ಕೆನ್ನೆಗೆ ಹುಲ್ಲು ಅಂಟಿಸಿಕೊಂಡೇ ತಲೆ ಎತ್ತಿ, ನೆರೆದ ಜನರನ್ನೆಲ್ಲ ಒಂದು ಸುತ್ತು ನೋಡಿ, ಮತ್ತೆ ದೊಪ್ಪೆಂದು ತಲೆ ಇಳಿಸಿ ನಿದ್ದೆ ಹೋಯಿತು.

ಅತ್ತಿಯ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು.

"ಮಲಗ್ಯಾದ. ಏನ್ ನೋಡಾಕತ್ತೀರಿ ನಿಂತು? ಗದ್ದಲ ಮಾಡಬ್ಯಾಡ್ರಿ, ನಡೀರಿ ಎಲ್ಲರೂ," ಅಂದಳು.

ದಾವಲಬೀಗೆ ಫೋನು ಹಚ್ಚಿ ನಡೆದದ್ದು ಹೇಳಿದೆ. ಆ ಕಡೆ ಅವರು ನಕ್ಕು ನಕ್ಕು ಸುಸ್ತಾಗಿ, ಕುದುರೆ ನಿಂತೇ ತೂಕಡಿಸುತ್ತದೆ, ಇದು ನನ್ನ ಜಾಗ, ಇಲ್ಲಿ ಯಾರೂ ನನಗೇನೂ ಮಾಡುವುದಿಲ್ಲ ಅನ್ನಿಸಿದರೆ ಮಾತ್ರ ಹೀಗೆ ಮೈಚೆಲ್ಲಿ ಮಲಗುತ್ತದೆ ಅಂದರು. ಅತ್ತಿಗೆ ಹೇಳಿದೆ. ಆಕೆ ಹೂಂ ಅಂದಳು, ಅಷ್ಟೇ. ಮುಖ ಆ ಕಡೆ ತಿರುಗಿಸಿ, ಕುದುರೆಯ ತಲೆಗೆ ಬಿಸಿಲು ಬೀಳದ ಹಾಗೆ ಒಂದು ಚೀಲ ಕಟ್ಟಿ, ಏಳುವವರೆಗೂ ಅಲ್ಲೇ ಕೂತಿದ್ದಳು. ನಡುವೆ ಚಹಾ ಒಯ್ದಾಗ ಕಣ್ಣು ಇನ್ನೂ ಒದ್ದೆ ಇದ್ದವು. ಹೊಗೆ ಅಂದಳು. ಚಹಾ ಮಾಡಿದ್ದು ಗ್ಯಾಸಿನ ಮೇಲೆ.

ಸುಗ್ಗಿ ಮುಗಿದ ಮೇಲೆ ಹಿಂಡು ಹೊರಟಿತು. ಕಾಕಾ, ಶಾಂತಕುಮಾರ ಕುರಿಗಳ ಜೊತೆ ನಡೆದರು. ಶಹಜಾದಿಯ ಎರಡೂ ಮಗ್ಗುಲಿಗೆ ಕಟ್ಟಿದ ಚೀಲಗಳಿಂದ ಎಳೆಯ ಮರಿಗಳು ತಲೆ ಹಾಕಿ ನೋಡುತ್ತಿದ್ದವು. ನಡುವೆ ಅತ್ತಿ, ಹಿಂದೆ ಟೈಗರ್. ಈಗ ಅವರು ಶಹಾಪುರದ ಆಚೆ ಎಲ್ಲೋ ಇದ್ದಾರೆ. ನಿನ್ನೆ ಸಂಜೆ ಅತ್ತಿ ಫೋನು ಮಾಡಿದ್ದಳು. ಎಮ್ಮೆ ಹೇಗಿದೆ ಅಂತ ಮೊದಲು ಕೇಳಿದಳು, ಆಮೇಲೆ ನಾನು ಹೇಗಿದ್ದೇನೆ ಅಂತ ಕೇಳಿದಳು. ಕುದುರೆ ಯಾರದೋ ಹಸಿರು ಭತ್ತಕ್ಕೆ ಬಾಯಿ ಹಾಕಿತಂತೆ, ಗದ್ದೆಯವನು ಬೈದುಕೊಂಡು ಬಂದನಂತೆ.

"ಮತ್ತ ನೀವು ಏನಂದ್ರಿ ಅತ್ತಿ?" ಅಂದೆ.

"ಕುದುರಿ ಇಳೀದೇ ಜಗಳಾಡಿದೆ," ಅಂದಳು. "ಮ್ಯಾಲಿಂದ ಬೈದ್ರ ಭಾಳ ಚಲೋ ತಾಗತದ, ಜ್ಯೋತಿ."